ಬಾಣಂತನಕ್ಕೆ ಹೋಗಿ ಸೀರಿಯಲ್ ಹಚ್ಚಿಕೊಂಡದ್ದು

ಹೋಗುವಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ, ಬಾಣಂತನದ ಸಾಮಾನು ಜಾಸ್ತಿ ಇತ್ತು. ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ ಬೀಜ, ಶೇಂಗಾ ಚಟ್ನಿ, ಕೂಸಿಗೆ ಎರಡು ಕುಂಚಿಗೆ, ನಾನೇ ಹೊಲಿದ ಎರಡು ಕೌದಿ. ಕೌದಿ ನೋಡಿ ನಮ್ಮ ಮನೆಯವರು ನಕ್ಕಿದ್ದರು. "ಇಂಗ್ಲೆಂಡಿನ್ಯಾಗ ಹಾಸಿಗಿ ಸಿಗೂದಿಲ್ಲೇನು?" ಸಿಗುತ್ತದೆ. ಆದರೆ ಹಳೆಯ ಇಳಕಲ್ ಸೀರೆಯ ಮೆತ್ತನೆ ಅಲ್ಲಿ ಎಲ್ಲಿ ಸಿಗಬೇಕು?

2024ರ ಮೇ ತಿಂಗಳ ನಡುವೆ ಬಾಗಲಕೋಟೆಯಿಂದ ಹೊರಟು ಬರ್ಮಿಂಗ್‌ಹ್ಯಾಮ್‌ ತಲುಪಿದೆ. ಮಗಳು ಅಲ್ಲಿ ನರ್ಸ್. ಚೊಚ್ಚಲ ಹೆರಿಗೆ. ನನ್ನ ವೀಸಾಕ್ಕೆ ಆರು ತಿಂಗಳು ಅಂತ ಲೆಕ್ಕ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರ್‌ನಲ್ಲಿ ಕೂತು ನಿವೃತ್ತಳಾದವಳು ನಾನು. ತಾರೀಖು, ಮೊಹರು, ಸಹಿ ಅಂದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ನವೆಂಬರ್ ಒಂಬತ್ತಕ್ಕೆ ಗುರುತು ಹಾಕಿಟ್ಟೆ, ವಾಪಸ್ ಹೊರಡುವ ದಿನ ಅಂತ. ಮಗಳು ಬೈದಳು. "ಬಂದ ದಿನಾನ ಹೋಗೂ ದಿನ ಬರಕೋತಾರೇನವ್ವಾ?"

ಜೂನ್‌ನಲ್ಲಿ ಕೂಸು ಹುಟ್ಟಿತು. ಹೆಣ್ಣು. ಹನ್ನೆರಡನೇ ದಿನ ನಾನೊಂದು ಅನಾಹುತ ಮಾಡಿದೆ. ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಾಕಬೇಕಲ್ವಾ, ಸಣ್ಣ ಬಾಣಲೆಯಲ್ಲಿ ಕೆಂಡ ಮಾಡಿಕೊಂಡು ಲೋಬಾನ ಉದುರಿಸಿದೆ. ಚಾವಣಿಗೆ ಅಂಟಿಸಿದ್ದ ಬಿಳಿ ಡಬ್ಬಿ ಕೂಗಲು ಶುರು ಮಾಡಿತು. ಅಂಥಿಂಥ ಕೂಗಲ್ಲ, ಓಣಿ ತುಂಬಾ ಕೇಳುವ ಕೂಗು. ಅಳಿಯ ಆಫೀಸ್ ಮೀಟಿಂಗ್ ಬಿಟ್ಟು ಓಡಿ ಬಂದು ಕುರ್ಚಿ ಹತ್ತಿ ಟವೆಲ್ ಬೀಸಿದ. ಪಕ್ಕದ ಮನೆಯ ಪಂಜಾಬಿ ಅಜ್ಜಿ ಬಾಗಿಲು ಬಡಿದಳು. ಒಳಗೆ ಬಂದು ಮೂಸಿ ನೋಡಿ, "ಅಯ್ಯೋ ಲೋಬಾನ!" ಅಂತ ಹಿಂದಿಯಲ್ಲಿ ಹೇಳಿ ಸೋಫಾದ ಮೇಲೆ ಕೂತೇಬಿಟ್ಟಳು. ಅಲ್ಲಿಂದ ನಮ್ಮ ಸ್ನೇಹ. ಮಧ್ಯಾಹ್ನ ಊಟ ಆದ ಮೇಲೆ ಬಂದು ಟಿವಿ ಹಚ್ಚುವವಳು ಅವಳೇ. ಬಿಬಿಸಿ ಒನ್. ‘ಡಾಕ್ಟರ್ಸ್’.

ಮೊದಲ ವಾರ ನನಗೆ ಏನೂ ತಿಳಿಯಲಿಲ್ಲ. ಆ ಇಂಗ್ಲಿಷು ಬಾಯೊಳಗೇ ಉಳಿಯುವ ಇಂಗ್ಲಿಷು. ಮಗಳು ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಟ್ಟಳು. ಆಮೇಲೆ ಓದುತ್ತಾ ನೋಡಿದೆ. ಕೂಸು ತೊಡೆಯ ಮೇಲೆ, ಕಣ್ಣು ಅಕ್ಷರದ ಮೇಲೆ. ಅರ್ಧ ತಾಸಿನ ಸೀರಿಯಲ್ಲು.

ಕತೆ ಇಷ್ಟೇ. ಲೆದರ್‌ಬ್ರಿಜ್ ಅಂತ ಒಂದು ಊರು. ಹುಡುಕಿದರೆ ನಕ್ಷೆಯಲ್ಲಿ ಸಿಗುವುದಿಲ್ಲ, ಕಟ್ಟುಕತೆಯ ಊರು. ಅಲ್ಲಿ ಮಿಲ್ ಹೆಲ್ತ್ ಸೆಂಟರ್ ಅನ್ನುವ ದವಾಖಾನೆ. ಅದರ ಡಾಕ್ಟರುಗಳು, ನರ್ಸುಗಳು, ಮುಂದಿನ ಕೌಂಟರ್‌ನಲ್ಲಿ ಕೂರುವವರು. ದಿನಕ್ಕೊಬ್ಬ ಪೇಷಂಟ್ ಬರುತ್ತಾನೆ. ಅವನ ಕತೆ ಆ ದಿನವೇ ಶುರುವಾಗಿ ಆ ದಿನವೇ ಮುಗಿಯುತ್ತದೆ. ದವಾಖಾನೆಯವರ ಮನೆ ಕತೆ, ಪ್ರೀತಿ, ಜಗಳ ಮಾತ್ರ ದಿನದಿಂದ ದಿನಕ್ಕೆ ಹರಿಯುತ್ತದೆ. ಈ ಜೋಡಣೆ ನನಗೆ ಬಾಳ ಹಿಡಿಸಿತು. ಇಪ್ಪತ್ನಾಲ್ಕು ವರ್ಷ ನಡೆದ ಸೀರಿಯಲ್‌ನ ಒಳಗೆ ನನ್ನಂಥವಳು ಕೊನೆಯ ಗಳಿಗೆಯಲ್ಲಿ ನುಸುಳಿದರೂ ಕೂರಲು ಜಾಗ ಸಿಕ್ಕಿತು. ನಮ್ಮ ಸೀರಿಯಲ್‌ಗಳಲ್ಲೂ ಮೂರು ತಿಂಗಳು ಬಿಟ್ಟು ನೋಡಿದರೆ ತಿಳಿಯುತ್ತದೆ ಬಿಡಿ. ಅದು ಬೇರೆ ಕಾರಣಕ್ಕೆ. ಮದುವೆ ಮಂಟಪದಲ್ಲಿ ತಾಳಿ ಹಿಡಿದವನು ಇನ್ನೂ ಹಿಡಿದೇ ನಿಂತಿರುತ್ತಾನೆ.

ಕೌಂಟರ್‌ನವರ ಮೇಲೆಯೇ ನನ್ನ ಕಣ್ಣು. ಸ್ಕಾರ್ಲೆಟ್ ಅಂತ ಒಂದು ಹುಡುಗಿ ಇದ್ದಳು. ಬಡವರ ಮನೆಯದು. ಮಾತಿಗೆ ಮುಂಚೆ ಮುಖ ಕೆಂಪಾಗುವ ಹುಡುಗಿ. ಅವಳು ಫೋನ್ ಎತ್ತುವ ರೀತಿ, ಎದುರು ನಿಂತವನು ಕೂಗಾಡುವಾಗ ಕಂಪ್ಯೂಟರ್ ಕಡೆ ಸುಮ್ನೆ ನೋಡುವ ರೀತಿ ನೋಡಿ ನಗು ಬರುತ್ತಿತ್ತು. ನಾನೂ ಹಾಗೇ ಮಾಡುತ್ತಿದ್ದೆ. ಪಿಂಚಣಿ ಹಣ ಇನ್ನೂ ಬಂದಿಲ್ಲ ಅಂತ ಯಾರಾದರೂ ಬೈಯುವಾಗ ಕಣ್ಣು ಎತ್ತಬಾರದು, ಮೊಹರಿನ ಪ್ಯಾಡಿಗೆ ಎರಡು ಹನಿ ಶಾಯಿ ಬಿಡಬೇಕು. ಅಷ್ಟರಲ್ಲಿ ಅವರ ಸಿಟ್ಟು ಅರ್ಧ ಇಳಿದಿರುತ್ತದೆ. ಡಾಕ್ಟರುಗಳಲ್ಲಿ ಆಲ್ ಹ್ಯಾಸ್ಕಿ ಅಂತ ಒಬ್ಬ. ದಪ್ಪಗಿದ್ದಾನೆ, ಬಾಯಿ ಜೋರು, ಕಾಮಿಕ್ಸ್ ಹುಚ್ಚು. ಜಿಮಿ ಕ್ಲೇ ಅನ್ನುವವನು 2005ರಿಂದ ಅದೇ ದವಾಖಾನೆಯಲ್ಲಿ ಇದ್ದಾನಂತೆ. ಸುನಿ ಬುಲ್ಸಾರಾ ಅಂತ ನಮ್ಮ ದೇಶದ ಬೇರಿನ ಡಾಕ್ಟರ್ ಒಬ್ಬ. ಅವನ ಹೆಸರು ಬಂದಾಗಲೆಲ್ಲ ಅಜ್ಜಿ ನನ್ನ ಮೊಣಕೈ ಒತ್ತುತ್ತಿದ್ದಳು, ನೋಡು ನಮ್ಮವನು ಅಂತ.

ಅಲ್ಲಿನ ದವಾಖಾನೆಯ ಪದ್ಧತಿ ನನಗೆ ಆ ಸೀರಿಯಲ್‌ನಿಂದಲೇ ತಿಳಿದದ್ದು. ಪ್ರತಿಯೊಬ್ಬರೂ ಹತ್ತಿರದ ಜಿಪಿ ಅನ್ನುವ ಸಾದಾ ಡಾಕ್ಟರ್ ಹತ್ತಿರ ಹೆಸರು ಹಚ್ಚಿರಬೇಕು. ಮೊದಲು ಅವರನ್ನೇ ಕಾಣಬೇಕು. ದೊಡ್ಡ ಡಾಕ್ಟರ್ ಬೇಕಾದರೆ ಅವರೇ ಚೀಟಿ ಕೊಟ್ಟು ಕಳಿಸಬೇಕು. ಪೇಷಂಟ್ ಒಳಗೆ ಬಂದವನೇ ಮೊದಲು ಕ್ಷಮೆ ಕೇಳುತ್ತಾನೆ, ನಿಮ್ಮ ಟೈಮ್ ಹಾಳು ಮಾಡಿದೆ ಅಂತ. ಮೊಣಕಾಲು ನೋವು ಅನ್ನುತ್ತಾನೆ. ನೋವು ಮೊಣಕಾಲಿನದಲ್ಲ, ಹೆಂಡತಿ ಬಿಟ್ಟು ಹೋಗಿರುತ್ತಾಳೆ. ಅದು ಬಾಗಿಲ ಚಿಲಕ ಹಿಡಿದು ಹೊರಡುವಾಗ ಹೊರಗೆ ಬೀಳುತ್ತದೆ. ನಮ್ಮ ಕಡೆ ಇದು ನಡೆಯುವುದಿಲ್ಲ. ಹಳ್ಳಿಯಿಂದ ಬಂದ ಹಿರಿಯರು ಸೀದಾ ತೋಳು ಮುಂದೆ ಮಾಡುತ್ತಾರೆ. "ಒಂದ್ ಸಲೈನ್ ಹಚ್ಚಿಬಿಡ್ರಿ ಸಾಹೇಬ್ರ, ಬಾಳ ನಿತ್ರಾಣ ಆಗೇತಿ." ಮಾತ್ರೆ ಬರೆದುಕೊಟ್ಟರೆ ಡಾಕ್ಟರ್ ಮೇಲೆಯೇ ಅನುಮಾನ.

ಜುಲೈ ಕೊನೆಗೆ ಒಲಿಂಪಿಕ್ಸ್ ಬಂತು. ಬಿಬಿಸಿ ತುಂಬ ಓಟ, ಈಜು. ಎರಡು ವಾರ ನಮ್ಮ ದವಾಖಾನೆ ಬಂದ್. ನಾನು ಗೊಣಗಿದ್ದು ಕೇಳಿ ಮಗಳು ಅಂದಳು, "ಈಗ ಎರಡ್ ವಾರಕ್ಕ ಹಿಂಗ ಮಾಡ್ತಿ, ಅದು ಪೂರಾ ನಿಲ್ಲೂದೈತಿ ಗೊತ್ತೈತೇನು?"

ಗೊತ್ತಿರಲಿಲ್ಲ.

2023ರ ಅಕ್ಟೋಬರ್‌ನಲ್ಲೇ ಬಿಬಿಸಿ ಹೇಳಿಬಿಟ್ಟಿತ್ತಂತೆ. ನಾಟಕ, ಸೀರಿಯಲ್ ಮಾಡುವ ಖರ್ಚು ಸಿಕ್ಕಾಪಟ್ಟೆ ಏರಿದೆ, ಟಿವಿ ನೋಡುವ ಮನೆಯವರು ಕಟ್ಟುವ ಲೈಸೆನ್ಸ್ ಹಣದಲ್ಲಿ ತೂಗಿಸುವುದು ಕಷ್ಟ ಅಂತ. ಇನ್ನೊಂದು ಕಾರಣ ಕಟ್ಟಡ. ಶೂಟಿಂಗ್ ನಡೆಯುತ್ತಿದ್ದದ್ದು ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್‌ನಲ್ಲಿ, ಯೂನಿವರ್ಸಿಟಿಯ ಆವರಣದ ಡ್ರಾಮಾ ವಿಲೇಜ್‌ನಲ್ಲಿ. ಆ ಜಾಗ ಒಂದೋ ರಿಪೇರಿ ಮಾಡಬೇಕು, ಇಲ್ಲ ಬೇರೆ ಕಡೆ ಹೋಗಬೇಕು. ಎರಡಕ್ಕೂ ದುಡ್ಡು ಬೇಕು. ಆ ಹಣವನ್ನು ಅದೇ ಸೀಮೆಯ ಬೇರೆ ಕಾರ್ಯಕ್ರಮಗಳಿಗೆ ಹಾಕುತ್ತೇವೆ, ಇದನ್ನು 2024ಕ್ಕೆ ಮುಗಿಸುತ್ತೇವೆ ಅಂದರು. ಬಿಬಿಸಿಯ ಆ ಊರಿನ ಆಫೀಸು ಡಿಗ್ಬೆತ್‌ನ ಹಳೆಯ ಚಹಾ ಫ್ಯಾಕ್ಟರಿಗೆ ಹೋಗುವುದಿದೆ ಅಂತ ಅಳಿಯ ಹೇಳಿದ. ಚಹಾ ಫ್ಯಾಕ್ಟರಿಯಲ್ಲಿ ಟಿವಿ ಆಫೀಸು. ಇರಲಿ.

ಕೊನೆಯ ಎಪಿಸೋಡಿಗೆ ನವೆಂಬರ್ 14, ಗುರುವಾರ ಅಂತ ನಿಗದಿಯಾಯಿತು. ನನ್ನ ವಿಮಾನ ಒಂಬತ್ತಕ್ಕೆ. ಐದು ದಿನ! ಟಿಕೆಟ್ ಮುಂದೆ ಹಾಕಿಸೋಣ ಅಂದರೆ ಆರು ತಿಂಗಳು ದಾಟುತ್ತದೆ. ಸೀರಿಯಲ್ ಮುಗಿದಿಲ್ಲ, ಅದಕ್ಕೆ ಉಳಿದೆ ಅಂತ ವಿಮಾನ ನಿಲ್ದಾಣದ ಕೌಂಟರ್‌ನವನಿಗೆ ಹೇಳಲಿಕ್ಕೆ ಆಗುತ್ತದೆಯೇ? ಅವನೂ ನನ್ನ ಹಾಗೇ ಕಣ್ಣೆತ್ತದೆ ಶಾಯಿ ಬಿಡುವವನೇ ಇರಬೇಕು.

ಮುಗಿಯುತ್ತದೆ ಅಂತ ತಿಳಿದ ಮೇಲೆ ನನ್ನ ನೋಟ ಬದಲಾಯಿತು. ತೆರೆಯ ಮೇಲೆ ಅವರು ಬೆಳಿಗ್ಗೆ ಬಂದು ಕೋಟು ತಗುಲಿಸಿ, ಕೆಟಲ್ ಹಚ್ಚಿ, ಮೊದಲ ಪೇಷಂಟನ್ನು ಕರೆಯುವಾಗ ನನಗೆ ನಮ್ಮಪ್ಪ ನೆನಪಾಗುತ್ತಿದ್ದರು.

ನಮ್ಮ ತವರುಮನೆ ಹಳೆ ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯನ್ನು ಹಿಂದಕ್ಕೆ ಒತ್ತಿಕೊಂಡು ನಮ್ಮ ಓಣಿಯವರೆಗೂ ಬರುತ್ತದೆ ಅಂತ ವರ್ಷಗಟ್ಟಲೆ ಮೊದಲೇ ಗೊತ್ತಿತ್ತು. ಸರ್ವೆಯವರು ಬಂದರು, ಗೋಡೆಗೆ ನಂಬರ್ ಬರೆದರು, ಹೋದರು. ಪರಿಹಾರದ ಲೆಕ್ಕ, ನವನಗರದ ಸೈಟು, ಕೋರ್ಟು, ವಕೀಲರು. ಎಲ್ಲರ ಮನೆಯಲ್ಲೂ ಅದೇ ಮಾತು. ಇಂಥ ಹೊತ್ತಿನಲ್ಲಿ ದಸರಾ ಬಂತು. ಅಪ್ಪ ಸುಣ್ಣದ ಡಬ್ಬಿ, ಕುಂಚ ತೆಗೆದರು. ಅವ್ವ ಹಣೆ ಚಚ್ಚಿಕೊಂಡಳು. "ನೀರಾಗ ಮುಳುಗೂ ಗ್ವಾಡಿಗೆ ಯಾಕ್ರಿ ಸುಣ್ಣ?" ಅಪ್ಪ ಉತ್ತರ ಕೊಡಲಿಲ್ಲ. ಮೂರು ದಿನ ಹಚ್ಚಿದರು. ಪಡಸಾಲೆ, ದೇವರ ಕೋಣೆ, ನೀರಿನ ಹಂಡೆಯ ಹಿಂದೆ ಯಾರೂ ನೋಡದ ಮೂಲೆ ಸೈತ. ಸರ್ವೆಯವರ ನಂಬರ್ ಇತ್ತಲ್ಲ, ಅದರ ಸುತ್ತ ಒಂದು ಗೇಣು ಚೌಕ ಬಿಟ್ಟು ಹಚ್ಚಿದರು. ಅಳಿಸಿದರೆ ಪರಿಹಾರ ಹೋದೀತು ಅಂತ ಅಂಜಿಕೆ. ಬೆಳ್ಳಗಿನ ಗೋಡೆಯಲ್ಲಿ ಮಾಸಿದ ಒಂದು ಚೌಕ, ಅದರೊಳಗೆ ಕೆಂಪು ಅಂಕಿ. ನಮ್ಮ ಮನೆ ಅಂದರೆ ನನಗೆ ಈಗಲೂ ಕಾಣುವುದು ಆ ಚೌಕ.

2000ದ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಸಾಮಾನು ಹೇರಿ ನವನಗರಕ್ಕೆ ಬಂದೆವು. ‘ಡಾಕ್ಟರ್ಸ್’ ಶುರುವಾದದ್ದು 2000ದ ಮಾರ್ಚ್ 26ಕ್ಕೆ ಅಂತ ಮಗಳು ಫೋನಿನಲ್ಲಿ ನೋಡಿ ಹೇಳಿದಾಗ, ಅಂದರೆ ನಾವು ಬಾಗಿಲು, ಕಿಟಕಿ ಕಿತ್ತು ಟ್ರಾಲಿಗೆ ಏರಿಸುವ ಹೊತ್ತಿಗೆ ಅಲ್ಲಿ ಆ ದವಾಖಾನೆ ಬಾಗಿಲು ತೆರೆಯುತ್ತಿತ್ತು ಅಂದುಕೊಂಡೆ. ಈಗ ಆಣೆಕಟ್ಟಿನ ಮಟ್ಟ 519.6 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ. ನಮ್ಮೂರಿನ ಈ ಸೀರಿಯಲ್ ಮಾತ್ರ ಮುಗಿಯುವ ಹಾಗೆ ಕಾಣುವುದಿಲ್ಲ.

ಒಂದು ದಿನ ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಾನು, ಮಗಳು, ಅಜ್ಜಿ ಸೆಲ್ಲಿ ಓಕ್ ಕಡೆ ಹೋದೆವು. ಶೂಟಿಂಗ್ ಜಾಗ ನೋಡೋಣ ಅಂತ. ನೋಡಲು ಏನೂ ಇಲ್ಲ. ಕಾಲೇಜಿನಂಥ ಕಟ್ಟಡ, ಮರ, ಹುಲ್ಲು. ನಾವು ಹೋದಾಗ ಜನವೇ ಇರಲಿಲ್ಲ. ಅಜ್ಜಿ ಒಂದು ಬೆಂಚು ಹುಡುಕಿ ಕೂತು ತನ್ನ ಹಳೆಯ ಸೀರಿಯಲ್‌ನ ಕತೆ ತೆಗೆದಳು.

ಆಕೆ ಕೀನ್ಯಾದಿಂದ ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ ಇಂಗ್ಲಿಷು ಅಷ್ಟಕ್ಕಷ್ಟೇ. ಕಲಿಸಿದ್ದು ‘ಕ್ರಾಸ್‌ರೋಡ್ಸ್’. ಅದೂ ಇದೇ ಊರಿನ ಸ್ಟುಡಿಯೋದಲ್ಲಿ ಮಾಡುತ್ತಿದ್ದ ಸೀರಿಯಲ್ಲು, 1964ರಲ್ಲಿ ಶುರುವಾದದ್ದು. ಊರ ಹೊರಗಿನ ಒಂದು ಮೋಟೆಲ್, ಅದನ್ನು ನಡೆಸುವ ಮೆಗ್ ಅನ್ನುವ ಹೆಂಗಸು. ಗೋಡೆ ಅಲುಗಾಡುತ್ತಿತ್ತಂತೆ, ನಟರು ಮಾತು ಮರೆಯುತ್ತಿದ್ದರಂತೆ, ಪೇಪರಿನವರು ಆಡಿಕೊಂಡು ನಗುತ್ತಿದ್ದರಂತೆ. ಜನ ಮಾತ್ರ ಬಿಡದೆ ನೋಡುತ್ತಿದ್ದರು. ಮೆಗ್ ಪಾತ್ರದ ನೋಯೆಲ್ ಗಾರ್ಡನ್ ಅವರನ್ನು 1981ರಲ್ಲಿ ತೆಗೆದುಹಾಕಿದರು. ಕತೆಯಲ್ಲಿ ಅವಳನ್ನು ದೊಡ್ಡ ಹಡಗು ಹತ್ತಿಸಿ ಕಳಿಸಿದರು. "ಆವತ್ತು ರೊಟ್ಟಿ ಹೊತ್ತಿಸಿದೆ" ಅಂದಳು ಅಜ್ಜಿ. 1988ರ ಏಪ್ರಿಲ್‌ನಲ್ಲಿ ಸೀರಿಯಲ್ಲೇ ನಿಂತಿತು. 2001ಕ್ಕೆ ಮತ್ತೆ ಎಬ್ಬಿಸಿದರು, 2003ಕ್ಕೆ ಮತ್ತೆ ಮಲಗಿಸಿದರು. ಕೊನೆಗೆ ಏನು ತೋರಿಸಿದರು ಗೊತ್ತೇ? ಅಷ್ಟೂ ದಿನ ನಡೆದದ್ದು ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನ ಕನಸಂತೆ! ಇಪ್ಪತ್ತು ವರ್ಷ ದಾಟಿದರೂ ಅಜ್ಜಿಯ ಸಿಟ್ಟು ಇಳಿದಿಲ್ಲ. ಕನಸಂತೆ, ಕನಸಂತೆ ಅಂತ ದಾರಿಯುದ್ದಕ್ಕೂ ಬೈಯುತ್ತಲೇ ಬಂದಳು.

ಅಳಿಯನೂ ಒಂದು ತೋರಿಸಿದ. ಲಿವರ್‌ಪೂಲ್‌ನ ‘ಬ್ರೂಕ್‌ಸೈಡ್’. 1982ರ ನವೆಂಬರ್‌ನಲ್ಲಿ ಚಾನೆಲ್ ಫೋರ್ ಹುಟ್ಟಿದ ದಿನವೇ ಶುರುವಾಗಿ 2003ರ ನವೆಂಬರ್‌ನಲ್ಲಿ ಮುಗಿದದ್ದು. ಅದಕ್ಕೆ ಸೆಟ್ಟೇ ಹಾಕಿರಲಿಲ್ಲ. ಹೊಸದಾಗಿ ಕಟ್ಟಿದ ನಿಜವಾದ ಮನೆಗಳನ್ನೇ ಕೊಂಡು ಅದರೊಳಗೆ ಶೂಟಿಂಗ್ ಮಾಡಿದರು. ಬೀದಿಯ ಹೆಸರು ಬ್ರೂಕ್‌ಸೈಡ್ ಕ್ಲೋಸ್. ಕೊನೆಯ ದಿನ ಜಿಮ್ಮಿ ಅನ್ನುವ ಪಾತ್ರ ಆ ಬೀದಿಯ ಫಲಕಕ್ಕೆ ಒಂದು ಅಕ್ಷರ ಸೇರಿಸಿ ‘ಕ್ಲೋಸ್ಡ್’ ಮಾಡಿ ಹೋಗುತ್ತಾನೆ. ಈಗ ಆ ಮನೆಗಳಲ್ಲಿ ಸಂಸಾರಗಳು ಇವೆ. ಕತೆಯವರು ಹೋದರು, ಮನೆ ಉಳಿದವು. ಕಿಲ್ಲಾ ಓಣಿಯದು ಉಲ್ಟಾ.

‘ಈಸ್ಟ್‌ಎಂಡರ್ಸ್’ ಕೂಡ ಒಂದೆರಡು ಸಂಜೆ ನೋಡಿದೆ. ಎಲ್ಲರೂ ಎಲ್ಲರ ಮೇಲೆ ಕೂಗುತ್ತಾರೆ. ಕೂಸು ಎದ್ದುಬಿಡುತ್ತಿತ್ತು, ಬಿಟ್ಟೆ. 1960ರಿಂದ ನಡೆದಿರುವ ‘ಕೊರೊನೇಷನ್ ಸ್ಟ್ರೀಟ್’ ಬರುವ ಹೊತ್ತಿಗೆ ನನಗೆ ಅಡುಗೆ ಕೆಲಸ.

‘ಡಾಕ್ಟರ್ಸ್’ ನಿಂತರೆ ಯಾರಿಗೆ ನಷ್ಟ ಅಂತ ಮಗಳನ್ನು ಕೇಳಿದೆ. ನಮ್ಮಂಥ ಮಧ್ಯಾಹ್ನದ ಮುದುಕಿಯರಿಗೆ ಅಷ್ಟೇನಾ? ಆಗ ಅವಳು ಹೇಳಿದ ಮಾತು ನನಗೆ ಹೊಸದು. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಎಪಿಸೋಡ್. ದಿನಕ್ಕೊಂದು ಹೊಸ ಪೇಷಂಟ್ ಕತೆ ಅಂದರೆ ಅಷ್ಟು ಸಲ ಹೊಸ ನಟರಿಗೆ ಒಂದೊಂದು ಪಾತ್ರ, ಹೊಸ ಬರಹಗಾರರಿಗೆ ಒಂದೊಂದು ಅವಕಾಶ. ಮುಂದೆ ಆಸ್ಕರ್ ಗೆದ್ದ ಎಡ್ಡಿ ರೆಡ್‌ಮೇನ್ ಇಲ್ಲಿ ಬಂದು ಹೋಗಿದ್ದ. ‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್‌ನಲ್ಲಿ ಡ್ರ್ಯಾಗನ್‌ಗಳ ರಾಣಿಯಾಗಿ ಹೆಸರು ಮಾಡಿದ ಎಮಿಲಿಯಾ ಕ್ಲಾರ್ಕ್ ಟಿವಿಯಲ್ಲಿ ಮೊದಮೊದಲು ಕಂಡದ್ದೂ ಇಲ್ಲೇ, 2009ರಲ್ಲಿ. ಲಂಡನ್ನಿನಿಂದ ದೂರದ ಊರಿನಲ್ಲಿ ಬಡಗಿ, ಲೈಟಿನವರು, ಮೇಕಪ್‌ನವರಿಗೆ ವರ್ಷವಿಡೀ ಕೆಲಸ. ಮಗಳು ಇದನ್ನೆಲ್ಲ ಹೇಳುವಾಗ ನನಗೆ ನಮ್ಮ ಕಡೆಯ ಕಂಪನಿ ನಾಟಕದ ಡೇರೆ ಕಣ್ಣಿಗೆ ಬಂತು. ಜಾತ್ರೆಗೆ ಬಂದ ಕಂಪನಿಯಲ್ಲಿ ಮೊದಲು ಪರದೆ ಎಳೆಯುವವನು, ಆಮೇಲೆ ದೂತ, ಆಮೇಲೆ ಹೀರೋ. ಡೇರೆ ಬಿಚ್ಚಿದರೆ ಹೀರೋ ಹೇಗೋ ಬದುಕುತ್ತಾನೆ. ಪರದೆಯವನು ಎಲ್ಲಿ ಹೋಗಬೇಕು?

ಒಂದು ಮಾತು ಮಾತ್ರ ಮೆಚ್ಚಬೇಕು. ಒಂದು ವರ್ಷ ಮೊದಲು ಹೇಳಿದರು. ನಮ್ಮಲ್ಲಿ ಟಿಆರ್‌ಪಿ ಬಿತ್ತೋ, ಒಂದೇ ವಾರದಲ್ಲಿ ಕೆಟ್ಟ ಅತ್ತೆ ಒಳ್ಳೆಯವಳಾಗುತ್ತಾಳೆ, ಕಳೆದುಹೋದ ತಮ್ಮ ಸಿಗುತ್ತಾನೆ, ಎಲ್ಲರೂ ಸಾಲಾಗಿ ನಿಂತು ಕೈ ಮುಗಿಯುತ್ತಾರೆ. ಸೋಮವಾರ ಅದೇ ಹೊತ್ತಿಗೆ ಬೇರೆ ಮನೆ, ಬೇರೆ ಅತ್ತೆ.

ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ತಾಸು ಹಿಂದೆ ಸರಿಸಿದರು. ನಾಲ್ಕೂವರೆಗೇ ಹೊತ್ತು ಮುಳುಗತೊಡಗಿತು. ಎಂಟನೇ ತಾರೀಖು ಶುಕ್ರವಾರ, ಅವತ್ತು ಸೀರಿಯಲ್ ಇರಲಿಲ್ಲ. ಅಜ್ಜಿ ಆದರೂ ಬಂದಳು. ಒಂದು ಡಬ್ಬಿ ಪಿನ್ನಿ ತಂದಿದ್ದಳು. ನಾನು ಮಿಕ್ಕಿದ್ದ ಅಂಟಿನ ಉಂಡಿ ಕೊಟ್ಟೆ. ಎರಡೂ ಹೆಚ್ಚುಕಡಿಮೆ ಒಂದೇ ರುಚಿ, ಎರಡರಲ್ಲೂ ಅಂಟು, ತುಪ್ಪ. ಟಿವಿ ಹಚ್ಚದೆ ಕೂತೆವು. ಒಂದು ಕೌದಿ ಕೂಸಿಗೆ ಬಿಟ್ಟೆ, ಇನ್ನೊಂದು ಅಜ್ಜಿಯ ಮೊಣಕಾಲಿಗೆ.

ನವನಗರಕ್ಕೆ ಬಂದೆ. ಹದಿನಾಲ್ಕಕ್ಕೆ ಇಲ್ಲಿ ಮಕ್ಕಳ ದಿನಾಚರಣೆ. ಎದುರುಮನೆಯ ಹುಡುಗ ನೆಹರೂ ವೇಷ ಹಾಕಿಕೊಂಡು ಎದೆಗೆ ಗುಲಾಬಿ ಸಿಕ್ಕಿಸಿಕೊಂಡು ಬಂದು ಫೋಟೋ ತೆಗೆಸಿಕೊಂಡ. ಬಿಬಿಸಿಯ ಆ್ಯಪ್ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಮಗಳಿಗೆ ಮೊದಲೇ ಹೇಳಿಟ್ಟಿದ್ದೆ, ವಿಡಿಯೋ ಕಾಲ್ ಮಾಡಿ ಫೋನನ್ನು ಟಿವಿ ಎದುರು ನಿಲ್ಲಿಸು ಅಂತ. ಇಲ್ಲಿ ರಾತ್ರಿ ಏಳರ ಮೇಲೆ. ನಮ್ಮ ಮನೆಯವರಿಗೆ ಬೇಗ ರೊಟ್ಟಿ ಬಡಿದು ಹಾಕಿ, ಬದನೆಕಾಯಿ ಪಲ್ಯ ಮುಚ್ಚಿಟ್ಟು, ಕನ್ನಡಕ ಒರೆಸಿ ಕೂತೆ.

ಕಾಲ್ ಬಂತು. ಸೋಫಾ, ಅಜ್ಜಿಯ ಚಪ್ಪಲಿ, ದೂರದಲ್ಲಿ ಟಿವಿ. ಟಿವಿಯ ಮೇಲೆ ಕಿಟಕಿಯ ಬೆಳಕು ಬಿದ್ದು ಬರೀ ಬಿಳುಪು. ದನಿ ಕೇಳುತ್ತಿತ್ತು. ಆಲ್ ಏನೋ ಅಂದ ಅನ್ನಿಸಿತು. ಅಷ್ಟರಲ್ಲಿ ನೆಟ್‌ವರ್ಕ್ ಸಿಕ್ಕಿಕೊಂಡು ಅಜ್ಜಿ ಬಾಯಿ ತೆರೆದಂತೆಯೇ ನಿಂತಳು. ಫೋನ್ ಹಿಡಿದು ಅಂಗಳಕ್ಕೆ ಬಂದೆ. ಮತ್ತೆ ಬಂತು. ಈಗ ತೆರೆಯ ತುಂಬ ಕೂಸಿನ ಪಾದ. ಐದು ಬೆರಳು ಅಗಲ ಮಾಡಿ ಫೋನಿಗೆ ಒದ್ದಿತು. ಆಮೇಲೆ ಚಾವಣಿ, ಹೊಗೆಗೆ ಕೂಗುವ ಆ ಬಿಳಿ ಡಬ್ಬಿ. ಉಳಿದ ಅಷ್ಟೂ ಹೊತ್ತು ಆ ಡಬ್ಬಿಯನ್ನೇ ನೋಡುತ್ತಾ ಸೀರಿಯಲ್ ಕೇಳಿದೆ.

"ಮುಗೀತವ್ವಾ" ಅಂತ ಮಗಳ ದನಿ.

"ಕಡೀಕ ಏನಾತ?"

"ನಾನೆಲ್ಲಿ ನೋಡ್ಲಿ, ಕೂಸಿಂದು ಡೈಪರ್ ಬದಲಿ ಮಾಡಾಕತ್ತಿದ್ದೆ. ಅಜ್ಜಿ ನೋಡ್ಯಾಳ, ಕೇಳು."

ಅಜ್ಜಿ ಫೋನ್ ಇಸಿದುಕೊಂಡಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನಾಯಿತು ಅಂದೆ. ಮೂಗು ಏರಿಸಿ, ಕೈ ಬೀಸಿ, ಹಿಂದಿಯಲ್ಲಿ ಅಂದಳು: "ಕನಸಂತೂ ಅಲ್ಲ."

ಆಮೇಲೆ ಫೋನು ಮಗಳ ಕೈಗೆ ಹೋಯಿತು. ಇನ್ನೊಂದು ನೋಡವ್ವಾ, ಅಂತ ಕೂಸಿನ ಕೆಳತುಟಿ ಬೆರಳಿನಿಂದ ಇಳಿಸಿ ಹಿಡಿದಳು. ವಸಡಿನ ಮೇಲೆ ಜೋಳದ ನುಚ್ಚಿನಷ್ಟು ಬಿಳಿ. ಐದೇ ತಿಂಗಳಿಗೆ! ನಾನು ಒಳಗೆ ಓಡಿದೆ, ನಮ್ಮ ಮನೆಯವರನ್ನು ಕರೆಯಲು.